ಸ್ತ್ರೀರೋಗಲಕ್ಷಣವಿಚಾರ

೧

ನಮ್ಮ ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆದವರು ಗ್ರಂಥಕರ್ತರ ಕಾಲದೇಶಗಳನ್ನೂ ಔಷಧಯೋಗಗಳ ಪರಂಪರೆಯನ್ನೂ ವಿಸ್ತಾರವಾಗಿ ವಿಚಾರಿಸಿರುವರು. ರೋಗವು ಬಂದಿದೆಯೆಂಬುದನ್ನು ಮೊದಲು ಅರಿತವರು ಯಾರು, ಅರಿತ ಮೇಲೆ ವೈದ್ಯನ ಬಳಿಗೆ ಹೋಗುವುದಕ್ಕೆ ಮುಂಚೆ ಎಷ್ಟು ಕಾಲವು ಕಳೆಯಿತು, ಹಾಗೆ ಕಳೆಯಲು ಕಾರಣವೇನು ಎಂಬ ಪ್ರಶ್ನೆಗಳೂ ಅದೇ ಚರಿತ್ರೆಯ ಭಾಗವೇ ಆಗಿವೆ. ಸ್ತ್ರೀರೋಗಗಳ ವಿಷಯದಲ್ಲಂತೂ ಇವೇ ಮುಖ್ಯವಾದ ಪ್ರಶ್ನೆಗಳು. ಏಕೆಂದರೆ ಈ ರೋಗಗಳ ಮೊದಲನೆಯ ಲಕ್ಷಣವು ಬಹುಮಟ್ಟಿಗೆ ಹೊರಗಿನವರ ಕಣ್ಣಿಗೆ ಬೀಳತಕ್ಕುದಲ್ಲ. ರೋಗಿಯು ತಾನೇ ಅರಿತು ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ವೈದ್ಯನಿಗೆ ತಿಳಿಯುವುದು. ಹೇಳದಿದ್ದರೆ ಧನ್ವಂತರಿಯೇ ಬಾಗಿಲಲ್ಲಿ ನಿಂತಿದ್ದರೂ ಪ್ರಯೋಜನವಿಲ್ಲ.

ಲಕ್ಷಣಜ್ಞಾನವು ನಮ್ಮ ದೇಶದಲ್ಲಿ ಬಹು ಪ್ರಾಚೀನಕಾಲದಿಂದ ಇದ್ದರೂ ಅದು ಯಾರಿಗೆ ಅತ್ಯವಶ್ಯವಾಗಿತ್ತೋ ಆ ಸ್ತ್ರೀಯರ ಕೈಗೆ ನೇರವಾಗಿ ಸೇರುವುದಕ್ಕೆ ಇಪ್ಪತ್ತನೆಯ ಶತಮಾನವು ಬರಬೇಕಾಯಿತೆಂಬುದನ್ನು ಪ್ರಕೃತ ಲೇಖನದಲ್ಲಿ ತೋರಿಸಬೇಕೆಂದಿದ್ದೇವೆ. ಇದಕ್ಕೆ ಬೇಕಾದ ಆಧಾರಗಳಲ್ಲಿ ಮುಖ್ಯವಾದ ಕೆಲವು ಶಿವಮೊಗ್ಗೆಯ ಸೀಮೆಯಲ್ಲಿಯೇ ದೊರೆಯುತ್ತವೆ. ಆದುದರಿಂದ ಮೊದಲು ಶಾಸ್ತ್ರವನ್ನೂ, ಅನಂತರ ಈ ಸೀಮೆಯ ಶಾಸನಗ್ರಂಥಗಳನ್ನೂ, ಕಡೆಗೆ ನಮ್ಮ ಕಾಲದ ಸ್ಥಿತಿಯನ್ನೂ ಕ್ರಮವಾಗಿ ವಿಚಾರಿಸುವೆವು.

೨

ಯಾವ ವಿಕಾರವನ್ನಾಗಲಿ ವಿಕಾರವೆಂದು ಗುರುತಿಸಬೇಕಾದರೆ ಪ್ರಕೃತಿಯ ಅಳತೆಯು ಮೊದಲೇ ತಿಳಿದಿರಬೇಕು. ಶಾಸ್ತ್ರಕಾರರು ಈ ಕ್ರಮವನ್ನು ಬಿಟ್ಟಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದ ೩೦ನೆಯ ಅಧ್ಯಾಯವು ಮುಖ್ಯವಾಗಿ ಸ್ತ್ರೀರೋಗಗಳನ್ನು ಕುರಿತುದು. ಅದರಲ್ಲಿ ಶುದ್ಧಾರ್ತವದ ಲಕ್ಷಣವು ಹೇಳಲ್ಪಟ್ಟಿದೆ: ತಿಂಗಳಿಗೊಮ್ಮೆ ಕಾಣಿಸಿಕೊಂಡು ಐದು ರಾತ್ರಿಗಳವರೆಗೆ ಇರುವುದು, ಅಂಟಾಗಿರದೆ, ಉರಿಯೂ ನೋವೂ ಇಲ್ಲದೆ, ಅತಿಯಾಗಿಯೂ ಅತ್ಯಲ್ಪವಾಗಿಯೂ ಇರದೆ ಹೋಗುವುದು. ಬಣ್ಣಕ್ಕೆ ಗುಲಗಂಜಿ, ಕೆಂದಾವರೆ, ಅರಗಿನ ರಸ ಇವುಗಳ ಹೋಲಿಕೆಯನ್ನು ಕೊಟ್ಟಿದೆ. ಸುಶ್ರುತನು ಇದರೊಡನೆ, ಬಟ್ಟೆಯನ್ನು ತೊಳೆದರೆ ಕಲೆಯು ನಿಲ್ಲಬಾರದೆಂಬ ಪರೀಕ್ಷೆಯನ್ನೂ ಸೇರಿಸಿರುವನು. ಇವೆಲ್ಲವೂ ಮನೆಯಲ್ಲಿ ಕಾಣುವ ಪದಾರ್ಥಗಳಿಂದ ಮಾಡಿದ ಹೋಲಿಕೆಗಳೆಂಬುದನ್ನು ವಾಚಕರು ಗಮನಿಸಬೇಕು. ಬಟ್ಟೆಯನ್ನು ಒಗೆಯುವವಳಿಗೆ ಈ ಪರೀಕ್ಷೆಯು ವೈದ್ಯನಿಗಿಂತ ಮೊದಲೇ ಗೊತ್ತಾಗುವುದು.

ವಯಸ್ಸಿಗೂ ಒಂದು ಅಳತೆಯುಂಟು. ಸುಶ್ರುತಸಂಹಿತೆಯ ಶಾರೀರಸ್ಥಾನದ ೩ನೆಯ ಅಧ್ಯಾಯದಲ್ಲಿ ರಜಸ್ಸು ೧೨ನೆಯ ವರ್ಷದಲ್ಲಿ ತೊಡಗಿ ೫೦ನೆಯ ವರ್ಷದ ಸುಮಾರಿಗೆ ನಿಲ್ಲುವುದೆಂದಿದೆ. ಇಂದಿನ ವೈದ್ಯರು ಹೇಳುವ ಅವಧಿಯೂ ಇದಕ್ಕೆ ಹೆಚ್ಚು ದೂರವಾಗಿಲ್ಲ. ಈ ಮಾತಿನಿಂದ ಫಲಿಸುವ ಎಚ್ಚರಿಕೆಯೊಂದುಂಟು. ನಿಂತು ಒಂದು ವರ್ಷವು ಕಳೆದ ಮೇಲೆ ಮತ್ತೆ ರಕ್ತವು ಕಾಣಿಸಿಕೊಂಡರೆ, ಅದು ಒಂದೇ ಸಲವಾದರೂ, ಒಂದು ತೊಟ್ಟೇ ಆದರೂ, ಪ್ರಕೃತಿಯಲ್ಲ. ಗರ್ಭಕೋಶದ ಅರ್ಬುದಕ್ಕೆ ಇದೇ ಮೊದಲನೆಯ ಲಕ್ಷಣವಾಗಿರಬಹುದೆಂದು ಈಗಿನ ವೈದ್ಯವು ನಿಶ್ಚಯಿಸಿದೆ. "ಹೋದ ಮುಟ್ಟು ತಿರುಗಿ ಬಂತು, ಮೈ ಹಗುರವಾಯಿತು" ಎಂದು ಸುಮ್ಮನಿರುವ ವೃದ್ಧೆಯರು ಈ ಅಳತೆಯನ್ನು ಅರಿತಿರುವುದು ಅವಶ್ಯಕ.

ಇನ್ನು ವಿಕೃತಿಗಳು. ಚರಕನು ಯೋನಿವ್ಯಾಪತ್ತುಗಳು ಇಪ್ಪತ್ತೆಂದು ಎಣಿಸಿರುವನು. ಸುಶ್ರುತನೂ ಉತ್ತರತಂತ್ರದ ೩೮ನೆಯ ಅಧ್ಯಾಯದಲ್ಲಿ ಅಷ್ಟೇ ಸಂಖ್ಯೆಯನ್ನು ಹೇಳಿರುವನು. ಹೆಸರುಗಳಲ್ಲಿ ಭೇದವಿದ್ದರೂ ಇವುಗಳಲ್ಲಿ ಹಲವು ಇಂದಿಗೂ ಮನೆಮನೆಯಲ್ಲಿ ಕಾಣುವ ತೊಂದರೆಗಳೇ. ರಜಸ್ಸು ಹೊರಡುವುದಕ್ಕೆ ಮುಂಚೆ ಕಷ್ಟವಾಗಿ ನೋಯಿಸಿ, ಹೊರಟೊಡನೆ ಸುಖವಾಗುವುದು ಉದಾವರ್ತಿನೀ. ಇದು ಮುಟ್ಟಿನ ಹೊಟ್ಟೆನೋವು. ತೊಳೆಯದಿರುವುದರಿಂದ ಜಂತುಗಳು ಹುಟ್ಟಿ ನವೆಯನ್ನುಂಟುಮಾಡುವುದು ಅಚರಣಾ. ಗರ್ಭಿಣಿಗೆ ಬಿಳಿಯ ಸ್ರಾವವಾಗುವುದು ಉಪಪ್ಲುತಾ. ಜನರು ಬಿಳಿಸೆರಗು, ಬಿಳಿಮುಟ್ಟು ಎಂದು ಹೇಳುವ ಸ್ರಾವಗಳಲ್ಲಿ ಇದೂ ಸೇರಿದೆ. ಸ್ಥಾನವು ಜಾರುವುದು ಸುಶ್ರುತನ ಪ್ರಸ್ರಂಸಿನೀ. ಹೆರಿಗೆಯಾದ ಹೆಂಗಸರು "ಮೈ ಜಾರುತ್ತದೆ" ಎಂದು ಹೇಳಿ ವರ್ಷಗಟ್ಟಲೆ ಸಹಿಸುವುದು ಇದನ್ನೇ.

ಎಲ್ಲಕ್ಕಿಂತಲೂ ಮುಖ್ಯವಾದುದು ಅಸೃಗ್ದರ. ರಜಸ್ಸು ಅತಿಯಾಗಿ ಹೋಗುವುದೂ, ಋತುವಲ್ಲದ ಕಾಲದಲ್ಲಿ ಹೋಗುವುದೂ ಅಸೃಗ್ದರವೆಂದು ಸುಶ್ರುತನು ಎರಡನ್ನೂ ಒಂದೇ ಲಕ್ಷಣದಲ್ಲಿ ಸೇರಿಸಿರುವನು. ಅದು ಮಿತಿಮೀರಿದರೆ ದೌರ್ಬಲ್ಯ, ತಲೆಸುತ್ತು, ಮೂರ್ಛೆ, ಕಣ್ಣುಕತ್ತಲೆ, ಬಾಯಾರಿಕೆ, ಉರಿ, ಪ್ರಲಾಪ, ಮೈ ಬಿಳಿಚುವುದು, ತೂಕಡಿಕೆ ಎಂಬ ಉಪದ್ರವಗಳನ್ನು ಎಣಿಸಿರುವನು. ಇಂದು ರಕ್ತಹೀನತೆಯೆಂದು ಹೇಳುವ ಸ್ಥಿತಿಯ ವರ್ಣನೆಯು ಇಲ್ಲಿ ಬಹುಮಟ್ಟಿಗೆ ಪೂರ್ಣವಾಗಿದೆ. ಮಲೆನಾಡಿನಲ್ಲಿ ಈ ಬಿಳಿಚಿಕೆಗೆ ಬೇರೆ ಕಾರಣಗಳೂ ಕೂಡಿಕೊಂಡಿದ್ದುವು. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಈ ಸೀಮೆಯನ್ನು ಹಿಂಡಿದ ಚಳಿಜ್ವರವು ಬಸುರಿಯರಲ್ಲಿ ರಕ್ತವನ್ನು ಕುಗ್ಗಿಸಿ ಗರ್ಭಪಾತವನ್ನೂ ಉಂಟುಮಾಡತಕ್ಕುದು. ಒದ್ದೆಯಾದ ತೋಟಗದ್ದೆಗಳಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕೊಕ್ಕೆಹುಳುವಿನ ಬಾಧೆ ಬೇರೆ. ಆದರೂ ಮನೆಯಲ್ಲಿ ಹೆಂಗಸು ಬಿಳಿಚಿ ಏದುತ್ತಿದ್ದರೆ "ಅವಳ ಮೈಗುಣವೇ ಹಾಗೆ" ಎನ್ನುವುದು ವಾಡಿಕೆಯಾಯಿತು. ಶಾಸ್ತ್ರವು ಪಾಂಡುವನ್ನು ರೋಗಗಳಲ್ಲಿ ಎಣಿಸಿದೆಯೇ ಹೊರತು ಗುಣಗಳಲ್ಲಿ ಎಣಿಸಿಲ್ಲ.

೩

ಲಕ್ಷಣವನ್ನು ಅರಿಯುವುದು ಒಂದು. ಯಾವಾಗ ವೈದ್ಯನನ್ನು ಕರೆಯಬೇಕೆಂಬ ಕಾಲನಿರ್ಣಯವು ಮತ್ತೊಂದು. ಈ ಎರಡನೆಯದರಲ್ಲಿಯೂ ಪ್ರಾಚೀನರು ಮೌನವಾಗಿಲ್ಲ.

ಗರ್ಭವು ನಾಲ್ಕನೆಯ ತಿಂಗಳೊಳಗೆ ಜಾರಿದರೆ ಸ್ರಾವವೆಂದೂ, ಐದಾರನೆಯ ತಿಂಗಳಲ್ಲಿ ಬಿದ್ದರೆ ಪಾತವೆಂದೂ ವಿಭಾಗವಿದೆ. ಗರ್ಭಿಣಿಗೆ ರಕ್ತವು ಕಾಣಿಸಿಕೊಂಡರೆ ಅದನ್ನು ಉಪೇಕ್ಷಿಸದೆ ಒಡನೆಯೇ ಉಪಚರಿಸಬೇಕೆಂಬುದು ಚರಕನ ಶಾರೀರಸ್ಥಾನದ ೮ನೆಯ ಅಧ್ಯಾಯದ ಅಭಿಪ್ರಾಯ. ಸುಶ್ರುತನ ನಿದಾನಸ್ಥಾನದ ೮ನೆಯ ಅಧ್ಯಾಯವು ಮೂಢಗರ್ಭದ್ದು. ಮಗುವಿನ ಅಲುಗಾಟವು ನಿಲ್ಲುವುದು, ಬರುತ್ತಿದ್ದ ಬೇನೆಯು ಅಡಗುವುದು, ಮೈ ಕಪ್ಪಾಗಿ ಬಿಳಿಚುವುದು, ಉಸಿರು ನಾರುವುದು, ಶೂಲೆ, ಇವು ಒಳಗೆ ಮಗುವು ಸತ್ತಿರುವುದರ ಲಕ್ಷಣಗಳು. ತಲೆಯನ್ನು ಒದರುತ್ತ, ಮೈ ತಣ್ಣಗಾಗಿ, ನಾಚಿಕೆಯು ತಪ್ಪಿ, ನೀಲಿಯ ಸಿರೆಗಳು ಉಬ್ಬಿ ಕಾಣುವವಳು ಅಸಾಧ್ಯಳು. ಚಿಕಿತ್ಸಾಸ್ಥಾನದ ೧೫ನೆಯ ಅಧ್ಯಾಯದಲ್ಲಿ, ಮೂಢಗರ್ಭವನ್ನು ತೆಗೆಯುವುದಕ್ಕಿಂತ ಕಷ್ಟವಾದ ಕೆಲಸವು ಬೇರೆಯಿಲ್ಲವೆಂದೂ, ಒಡೆಯನ ಅನುಮತಿಯನ್ನು ಪಡೆದೇ ಕೈಹಾಕಬೇಕೆಂದೂ ಹೇಳಿರುವುದರಿಂದ, ಅಪಾಯದ ಗುರುತ್ವವು ಅವನಿಗೆ ಚೆನ್ನಾಗಿ ತಿಳಿದಿತ್ತೆಂಬುದು ಸ್ಪಷ್ಟ. ಮಗುವಿನ ಅಲುಗಾಟವು ಕಡಿಮೆಯಾದರೆ ಅದೇ ದಿನ ತೋರಿಸಬೇಕೆಂಬುದು ಇಂದಿಗೂ ಗರ್ಭಿಣಿಯರಿಗೆ ಕಲಿಸುವ ಮುಖ್ಯ ನಿಯಮಗಳಲ್ಲೊಂದು. ಭೇದವೇನೆಂದರೆ, ಪ್ರಾಚೀನರಿಗೆ ಅದು ಮರಣದ ಗುರುತಾಗಿತ್ತು. ನಮಗೆ ಮರಣವನ್ನು ತಪ್ಪಿಸುವ ಸಮಯದ ಗುರುತಾಗಿದೆ.

ಸೂತಿಕೆಯ ವಿಷಯದಲ್ಲಿ ಚರಕನು, ಹೆರಿಗೆಯಿಂದ ಧಾತುಗಳು ಕುಗ್ಗಿ ಮೈಯೆಲ್ಲ ಶೂನ್ಯವಾಗಿರುವುದರಿಂದ ಅವಳಿಗೆ ಬರುವ ವ್ಯಾಧಿಯು ಕಷ್ಟಸಾಧ್ಯ, ಇಲ್ಲವೆ ಅಸಾಧ್ಯ, ಎಂದು ಎಚ್ಚರಿಸಿರುವನು. ಸೂತಿಕಾಕಾಲವು ಒಂದೂವರೆ ತಿಂಗಳೆಂದು ಸುಶ್ರುತನ ಮತ. ಇಂದು ಲೋಕವೆಲ್ಲ ಒಪ್ಪಿರುವ ಅವಧಿಯು ೪೨ ದಿನಗಳು. ಹೆರಿಗೆಗೆ ನಾಲ್ವರು ಹೆಂಗಸರು ಬೇಕು, ಅವರು ವಯಸ್ಸಾದವರೂ ಪ್ರಸವಕಾರ್ಯದಲ್ಲಿ ಕುಶಲರೂ ಉಗುರು ಕತ್ತರಿಸಿಕೊಂಡವರೂ ಆಗಿರಬೇಕೆಂದು ಶಾರೀರಸ್ಥಾನದ ೧೦ನೆಯ ಅಧ್ಯಾಯದಲ್ಲಿದೆ. ಉಗುರಿನ ಈ ಮಾತನ್ನು ಓದುವಾಗ ವಿಯೆನ್ನಾ ನಗರದ ವೃತ್ತಾಂತವು ನೆನಪಿಗೆ ಬರುತ್ತದೆ. ೧೮೪೭ರಲ್ಲಿ ಅಲ್ಲಿನ ಹೆರಿಗೆಯ ಆಸ್ಪತ್ರೆಯಲ್ಲಿದ್ದ ಸೆಮ್ಮೆಲ್‌ವೈಸ್ ಎಂಬ ವೈದ್ಯನು, ಬಾಣಂತಿಯರ ಜ್ವರವು ಪರೀಕ್ಷೆ ಮಾಡುವವರ ಕೈಯಿಂದಲೇ ಹರಡುವುದೆಂದು ಕಂಡು, ಕ್ಲೋರಿನ್ ಸೇರಿದ ಸುಣ್ಣದ ನೀರಿನಲ್ಲಿ ಕೈತೊಳೆಯುವ ನಿಯಮವನ್ನು ತಂದನು. ಮರಣವು ಬಹಳ ಕಡಿಮೆಯಾಯಿತು. ಆದರೂ ಅವನ ಕಾಲದ ಪಂಡಿತರಲ್ಲಿ ಅನೇಕರು ಒಪ್ಪಲಿಲ್ಲ. ಸುಶ್ರುತನು ಸೂಕ್ಷ್ಮಜೀವಿಗಳನ್ನು ಬಲ್ಲವನಾಗಿದ್ದನೆಂದು ನಾವು ಹೇಳುವುದಿಲ್ಲ. ಕೈಯು ಶುದ್ಧವಾಗಿರಬೇಕೆಂಬ ಅನುಭವವು ಸೂತ್ರರೂಪದಲ್ಲಿ ಉಳಿದಿತ್ತೆಂದು ಹೇಳಿದರೆ ಸಾಕು.

ಎಲ್ಲ ಪ್ರಾಚೀನ ನಿರ್ಣಯವೂ ಇಂದಿಗೆ ಸಲ್ಲುವುದೆಂದು ತಿಳಿಯಬಾರದು. ರಕ್ತಗುಲ್ಮವು ಇದಕ್ಕೆ ನಿದರ್ಶನ. ಹೊಟ್ಟೆಯಲ್ಲಿ ಗಡ್ಡೆಯು ಬೆಳೆದು ಬಸಿರಿನಂತೆಯೇ ತೋರುವುದರಿಂದ ಹತ್ತು ತಿಂಗಳು ಕಳೆದ ಮೇಲೆಯೇ ಚಿಕಿತ್ಸೆ ಮಾಡಬೇಕೆಂದು ಚರಕನು ವಿಧಿಸಿರುವನು. ಬಸಿರೋ ಗುಲ್ಮವೋ ಎಂದು ತಿಳಿಯುವ ಬೇರೆ ಉಪಾಯವಿಲ್ಲದಿದ್ದ ಕಾಲದಲ್ಲಿ, ಗರ್ಭವನ್ನು ನೋಯಿಸಬಾರದೆಂಬ ದಯೆಯಿಂದ ಮಾಡಿದ ನಿಯಮವಿದು. ಅಂದಿಗೆ ವಿವೇಕವೇ ಸರಿ. ಈಗ ಶಬ್ದತರಂಗದ ಯಂತ್ರದಿಂದ ಕೆಲವು ನಿಮಿಷಗಳಲ್ಲಿ ತಿಳಿಯುವುದಕ್ಕೆ ಹತ್ತು ತಿಂಗಳು ಕಾಯುವುದು ಶಾಸ್ತ್ರನಿಷ್ಠೆಯಲ್ಲ, ಪ್ರಮಾದ. ಇದಕ್ಕೆ ವಿರುದ್ಧವಾಗಿ ಅರ್ಬುದದ ಲಕ್ಷಣವು ಇಂದಿಗೂ ಹಾಗೆಯೇ ಸಲ್ಲುತ್ತದೆ. ದುಂಡಗೆ ಕದಲದೆ ನಿಂತು, ಬೇರು ಆಳವಾಗಿ, ನಿಧಾನವಾಗಿ ಬೆಳೆದು, ಕೀವಾಗದೆ, ನೋವು ಅಲ್ಪವಾಗಿರುವ ಗಡ್ಡೆಯು ಅರ್ಬುದವೆಂದು ಸುಶ್ರುತನು ನಿದಾನಸ್ಥಾನದಲ್ಲಿ ಹೇಳಿರುವನು. ನೋವು ಅಲ್ಪವೆಂಬುದೇ ಇಲ್ಲಿ ಮುಖ್ಯ. ನೋಯುವುದಿಲ್ಲವಾದುದರಿಂದ ಚಿಂತೆಯಿಲ್ಲವೆಂದು ಎದೆಯ ಗಂಟನ್ನು ವರ್ಷಗಟ್ಟಲೆ ಮುಚ್ಚಿಟ್ಟುಕೊಂಡವರು ಎಷ್ಟೋ ಮಂದಿ. ನೋವಿಲ್ಲದಿರುವುದು ಅಭಯವಲ್ಲವೆಂಬುದಕ್ಕೆ ಪ್ರಾಚೀನ ಪ್ರಮಾಣವೂ ನವೀನ ಪ್ರಮಾಣವೂ ಒಂದೇ ಆಗಿವೆ.

೪

ಈ ಜ್ಞಾನವು ಗ್ರಂಥದಿಂದ ಜನರೆಡೆಗೆ ಬಂದ ಬಗೆಯನ್ನು ಈಗ ನೋಡಬಹುದು. ಶಿಕಾರಿಪುರದ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕಾಳಾಮುಖರ ಕೋಡಿಯ ಮಠವಿತ್ತು. ಅಲ್ಲಿನ ಕ್ರಿ. ಶ. ೧೧೬೨ರ ಶಾಸನವು ಆ ಮಠವನ್ನು ವರ್ಣಿಸುತ್ತ, ವೇದಶಾಸ್ತ್ರಗಳ ವ್ಯಾಖ್ಯಾನಸ್ಥಾನವೆಂದೂ ದೀನಾನಾಥರ ಅನ್ನದಾನಸ್ಥಾನವೆಂದೂ ಹೇಳುವುದಲ್ಲದೆ, ಅನಾಥರಾದ ನಾನಾ ರೋಗಿಗಳ ಚಿಕಿತ್ಸೆಯ ಸ್ಥಾನವೆಂದೂ ಹೇಳುತ್ತದೆ. ರೈಸ್ ಸಾಹೇಬರು ೧೯೦೨ರಲ್ಲಿ ಪ್ರಕಟಿಸಿದ ಶಿವಮೊಗ್ಗೆಯ ಶಾಸನಸಂಪುಟದಲ್ಲಿ ಇದು ಅಚ್ಚಾಗಿದೆ. ಎಂಟುನೂರು ವರ್ಷಗಳ ಹಿಂದೆ ಈ ಸೀಮೆಯಲ್ಲಿ ವಿದ್ಯಾಸ್ಥಾನವೇ ಆರೋಗ್ಯಸ್ಥಾನವೂ ಆಗಿದ್ದುದು ಹೆಮ್ಮೆಯ ವಿಷಯವೇ. ಆದರೆ ಆ ವರ್ಣನೆಯಲ್ಲಿ ಸ್ತ್ರೀಯರ ಚಿಕಿತ್ಸೆಗೆ ಬೇರೆ ಹೆಸರಿಲ್ಲ. ಕೃಷ್ಣಾತೀರದ ಮಲ್ಕಾಪುರದಲ್ಲಿ ಕಾಕತೀಯ ರುದ್ರಮದೇವಿಯ ಕಾಲದ ಕ್ರಿ. ಶ. ೧೨೬೧ರ ಶಾಸನವಾದರೋ ಆರೋಗ್ಯಶಾಲೆಯೊಡನೆ ಪ್ರಸೂತಿಶಾಲೆಯನ್ನು ಪ್ರತ್ಯೇಕವಾಗಿಯೇ ಹೇಳುತ್ತದೆ. ಹೆರಿಗೆಗೆ ಬೇರೆಯ ಮನೆಯೊಂದು ಬೇಕೆಂಬ ಭಾವನೆಯು ದಕ್ಷಿಣದೇಶಕ್ಕೆ ಹೊಸದಲ್ಲವೆಂಬುದಕ್ಕೆ ಇದು ಸಾಕ್ಷಿ.

ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿಲ್ಲ. ೧೧ನೆಯ ಶತಮಾನದ ಚಾವುಂಡರಾಯನ ಲೋಕೋಪಕಾರದಲ್ಲಿ ವೈದ್ಯದ ಪ್ರಕರಣಗಳಿವೆ. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ, ಜಗದ್ದಳ ಸೋಮನಾಥನು ಪೂಜ್ಯಪಾದರ ಗ್ರಂಥವನ್ನನುಸರಿಸಿ ಕರ್ಣಾಟಕ ಕಲ್ಯಾಣಕಾರಕವನ್ನೂ ಬರೆದರು. ೧೪ನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯವನ್ನು ಹೇಳುವುದು. ನರಸಿಂಹಾಚಾರ್ಯರು ೧೯೦೭ರಿಂದ ೧೯೨೯ರವರೆಗೆ ಮೂರು ಸಂಪುಟಗಳಲ್ಲಿ ಪ್ರಕಟಿಸಿದ ಕರ್ಣಾಟಕ ಕವಿಚರಿತೆಯಲ್ಲಿ ಇಂತಹ ಗ್ರಂಥಗಳ ಪರಿಚಯವನ್ನು ಕಾಣಬಹುದು. ನಮ್ಮ ಸೀಮೆಯ ಕೆಳದಿಯ ಅರಸು ಬಸವಪ್ಪನಾಯಕನು ಕ್ರಿ. ಶ. ೧೭೦೯ರ ಸುಮಾರಿನಲ್ಲಿ ಸಂಸ್ಕೃತದಲ್ಲಿ ರಚಿಸಿದ ಶಿವತತ್ತ್ವರತ್ನಾಕರವು ನಾನಾ ವಿದ್ಯೆಗಳ ಭಂಡಾರ.

ಹೀಗೆ ಗ್ರಂಥಗಳಿದ್ದರೂ ಅವುಗಳ ಅಧಿಕಾರಿ ಯಾರೆಂಬುದು ವಿಚಾರಣೀಯ. ಸಂಸ್ಕೃತದ ಗ್ರಂಥವು ವೈದ್ಯನಿಗಾಗಿ ಬರೆದುದು. ಕನ್ನಡದ ಗ್ರಂಥಗಳೂ ಕಂದ ವೃತ್ತಗಳಲ್ಲಿ, ವ್ಯುತ್ಪನ್ನನಾದವನು ಓದಿ ಬಾಯಿಪಾಠ ಮಾಡಲು ಅನುಕೂಲವಾಗುವಂತೆ ರಚಿತವಾದುವು. ಲಕ್ಷಣವು ಎಲ್ಲೆಲ್ಲಿಯೂ "ಅವಳಿಗೆ ಹೀಗಾಗುವುದು" ಎಂದು ಪ್ರಥಮಪುರುಷದಲ್ಲಿಯೇ ಇದೆ. "ನಿನಗೆ ಹೀಗಾದರೆ ಹೇಳು" ಎಂದು ಅವಳನ್ನೇ ಕುರಿತು ಹೇಳಿದ ಮಾತು ಕಾಣುವುದಿಲ್ಲ. ಓದುಬರಹವು ಅವಳಿಗೆ ದೂರವಾಗಿದ್ದಾಗ ಹಾಗೆ ಹೇಳಿದ್ದರೂ ತಲುಪುತ್ತಿರಲಿಲ್ಲವೆಂಬುದು ನಿಜ. ಹಸುವಿನ ವೈದ್ಯವನ್ನು ಗ್ರಂಥದಿಂದ ಕಲಿತವನು ಕೊಟ್ಟಿಗೆಗೆ ಹೋಗಿ ಕೈಯಿಂದ ಮುಟ್ಟಿ ನೋಡಬಹುದಾಗಿತ್ತು. ಸ್ತ್ರೀವೈದ್ಯವನ್ನು ಕಲಿತವನು ಹೊಸಿಲಿನಾಚೆ ನಿಂತು ನಾಡಿಯನ್ನು ಹಿಡಿದು, ಮನೆಯ ಹಿರಿಯರು ಹೇಳಿದಷ್ಟನ್ನು ಕೇಳಿ ಔಷಧವನ್ನು ಕೊಡಬೇಕಾಗಿತ್ತು. ಶಾಸ್ತ್ರಕ್ಕೂ ರೋಗಿಗೂ ನಡುವೆ ಲಜ್ಜೆಯ ತೆರೆಯೊಂದು ಬಿದ್ದಿತ್ತು.

೫

ಆ ತೆರೆಯ ಒಳಗೆ ಇದ್ದವಳು ಸೂಲಗಿತ್ತಿ. ಸೂಲ್ ಎಂದರೆ ಪ್ರಸವ. ಅದನ್ನು ಮಾಡಿಸುವವಳು ಸೂಲಗಿತ್ತಿ. ಸುಶ್ರುತನು ಹೇಳಿದ ವಯಸ್ಸೂ ಕೌಶಲವೂ ಅವಳಲ್ಲಿದ್ದುವು; ಗ್ರಂಥವು ಮಾತ್ರ ಇರಲಿಲ್ಲ. ಅವಳ ವಿದ್ಯೆಯು ಕೈಯಿಂದ ಕೈಗೆ ಬಂದುದು. ಹೊಟ್ಟೆಯ ಮೇಲೆ ಕೈಯಿಟ್ಟು ಮಗುವಿನ ತಲೆಯು ಎಲ್ಲಿದೆಯೆಂದು ಹೇಳಬಲ್ಲವಳಾಗಿದ್ದಳು. ಬೇನೆಯು ನಿಜವಾದುದೋ ಸುಳ್ಳೋ ಎಂಬುದನ್ನು ಬಲ್ಲವಳಾಗಿದ್ದಳು. ಎಲ್ಲಕ್ಕಿಂತ ಹೆಚ್ಚಾಗಿ, ಗಂಡನಿಗಾಗಲಿ ತಾಯಿಗಾಗಲಿ ಹೇಳಲಾರದುದನ್ನು ಹೆಂಗಸರು ಅವಳ ಕಿವಿಯಲ್ಲಿ ಹೇಳುತ್ತಿದ್ದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ ೨೦೧೮ರಲ್ಲಿ ಭಾರತ ಸರ್ಕಾರವು ಪದ್ಮಶ್ರೀ ಪ್ರಶಸ್ತಿಯನ್ನು ಕೊಟ್ಟುದು ಈ ವಿದ್ಯಾಪರಂಪರೆಗೇ ಸಂದ ಗೌರವವೆಂದು ಭಾವಿಸಬೇಕು. ಆ ವರ್ಷದ ಕೊನೆಯಲ್ಲಿ ಆಕೆಯು ತೀರಿಕೊಂಡರು.

ಆದರೆ ಸೂಲಗಿತ್ತಿಯ ಸಾಮರ್ಥ್ಯಕ್ಕೂ ಎಲ್ಲೆಯಿತ್ತು. ಸರಳವಾದ ಹೆರಿಗೆಯಲ್ಲಿ ಆಕೆಯು ದೇವತೆ. ಮಗು ಅಡ್ಡವಾದಾಗ, ಮಾಸು ಬೀಳದೆ ರಕ್ತವು ನಿಲ್ಲದಿದ್ದಾಗ, ಆಕೆಯ ಕೈಯಲ್ಲಿ ಉಪಾಯವಿರಲಿಲ್ಲ. "ಬಾಣಂತಿ ಸನ್ನಿ" ಎಂಬ ಒಂದೇ ಮಾತನ್ನು ನೋಡಿರಿ. ಹೆರಿಗೆಯ ನಂಜಿನಿಂದ ಬರುವ ಜ್ವರದ ಪ್ರಲಾಪಕ್ಕೂ, ರಕ್ತದ ಒತ್ತಡವು ಏರಿ ಬರುವ ಸೆಳವಿಗೂ, ಬಾಣಂತಿಯ ಚಿತ್ತಭ್ರಮಣೆಗೂ ಜನರು ಈ ಒಂದೇ ಹೆಸರನ್ನಿಟ್ಟಿದ್ದರು. ಮೂರಕ್ಕೂ ಚಿಕಿತ್ಸೆಯು ಬೇರೆ ಬೇರೆ. ಮೂರರಲ್ಲಿಯೂ ವಿಳಂಬವು ಅಪಾಯಕರ. ಹೆಸರು ಒಂದೇ ಆದುದರಿಂದ ಕಾರಣವೂ ಒಂದೇ ಎಂದು ತಿಳಿದು, ಶೀತವಾಯಿತೆಂದೋ ಗಾಳಿ ಸೋಕಿತೆಂದೋ ಹೇಳಿ, ಕಾಯಿಸಿ ಹೊದಿಸಿ ಕಾಯುತ್ತಿದ್ದರು. ಮಾತಿನ ಕೊರತೆಯೂ ಪ್ರಾಣಕ್ಕೆ ಎರವಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕಿಲ್ಲ.

೬

೧೯ನೆಯ ಶತಮಾನದ ಕೊನೆಯಲ್ಲಿ ಕಾಲವು ತಿರುಗಿತು. ಸ್ತ್ರೀಯರಿಗೆ ಸ್ತ್ರೀವೈದ್ಯರೇ ದೊರೆಯಬೇಕೆಂಬ ಉದ್ದೇಶದಿಂದ ೧೮೮೫ರಲ್ಲಿ ಲೇಡಿ ಡಫರಿನ್ನಳು ನಿಧಿಯೊಂದನ್ನು ಸ್ಥಾಪಿಸಿದಳು. ಮೈಸೂರಿನಲ್ಲಿ ೧೯೦೬ರಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾಗಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯು ಏರ್ಪಟ್ಟಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯು ೧೯೩೫ರಲ್ಲಿ ತೆರೆಯಿತು. ೧೯೩೦ರಲ್ಲಿ ಮೈಸೂರು ಸರ್ಕಾರವು ಸಂತಾನನಿಯಮನದ ಚಿಕಿತ್ಸಾಲಯಗಳಿಗೆ ಅಪ್ಪಣೆಮಾಡಿತು. ಸರ್ಕಾರವೊಂದು ತಾನಾಗಿ ಇಂತಹವನ್ನು ತೆರೆದುದು ಲೋಕದಲ್ಲಿಯೇ ಮೊದಲೆಂದು ಎಣಿಸಲಾಗಿದೆ.

ಇದಕ್ಕೆ ಮುಂಚೆ, ೧೮೯೪ರಲ್ಲಿಯೇ, ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ವಿವಾಹವನ್ನು ಮೈಸೂರು ಸಂಸ್ಥಾನವು ನಿಷೇಧಿಸಿತ್ತು. ಅಂದಿನ ದೃಷ್ಟಿಗೆ ಅದು ದಿಟ್ಟ ಕಾರ್ಯವಾದರೂ ಸುಶ್ರುತನ ಮಾತಿಗೆ ಹೋಲಿಸಿದರೆ ಅಲ್ಪವೇ. ಹದಿನಾರು ತುಂಬದವಳಲ್ಲಿ ನಿಂತ ಗರ್ಭವು ಒಳಗೇ ಕೆಡುವುದು, ಹುಟ್ಟಿದರೂ ಬಹುಕಾಲ ಬಾಳದು, ಬಾಳಿದರೂ ದುರ್ಬಲವಾಗುವುದು ಎಂದು ಅವನು ಶಾರೀರಸ್ಥಾನದಲ್ಲಿ ಬರೆದಿರುವನು. ಶಾಸ್ತ್ರವನ್ನು ಮುಂದಿಟ್ಟುಕೊಂಡು ಬಾಲ್ಯವಿವಾಹವನ್ನು ಸಮರ್ಥಿಸಿದವರು ಈ ವಚನವನ್ನು ಏತಕ್ಕೆ ಮರೆತರೆಂಬುದು ನಮ್ಮಂಥ ಪಾಠಶಾಲೆಯವರು ಕೇಳಿಕೊಳ್ಳಬೇಕಾದ ಪ್ರಶ್ನೆ.

ಆಸ್ಪತ್ರೆಗಳು ಬಂದುವು, ಸ್ತ್ರೀವೈದ್ಯರು ಬಂದರು. ಆದರೆ ಯಾವ ಲಕ್ಷಣಕ್ಕೆ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮನೆಯಲ್ಲಿರುವ ಹೆಂಗಸಿಗೆ ಅವಳ ಭಾಷೆಯಲ್ಲಿ, ಅವಳನ್ನೇ ಕುರಿತು ಹೇಳುವವರು ಬೇಕಾಗಿದ್ದರು. ಈ ಕಾರ್ಯವನ್ನು ಮಾಡಿದವರಲ್ಲಿ ಅಗ್ರಗಣ್ಯರಾದವರು ನಮ್ಮ ಸೀಮೆಯ ತೀರ್ಥಹಳ್ಳಿಯಲ್ಲಿ ೧೯೩೪ರಲ್ಲಿ ಹುಟ್ಟಿದ ಡಾಕ್ಟರ್ ಅನುಪಮಾ ನಿರಂಜನ ಅವರು. ವೈದ್ಯವೃತ್ತಿಯಲ್ಲಿದ್ದುಕೊಂಡೇ ಕಾದಂಬರಿಗಳನ್ನು ಬರೆದು ಪ್ರಸಿದ್ಧರಾದ ಇವರು, ಹದಿಹರೆಯದ ಹುಡುಗಿಯರಿಗೆ ಕೇಳು ಕಿಶೋರಿ, ಬಸುರಿ ಬಾಣಂತಿಯರಿಗೆ ತಾಯಿ ಮಗು, ದಂಪತಿಗಳಿಗೆ ದಾಂಪತ್ಯ ದೀಪಿಕೆ ಎಂಬ ಪುಸ್ತಕಗಳನ್ನು ಕೊಟ್ಟರು. ಮೊದಲನೆಯ ಪುಸ್ತಕದ ಹೆಸರನ್ನೇ ನೋಡಿರಿ: ಅದು ಸಂಬೋಧನೆ. ಶಾಸ್ತ್ರದಲ್ಲಿ ಪ್ರಥಮಪುರುಷದಲ್ಲಿದ್ದ "ಅವಳು" ಇಲ್ಲಿ ಎದುರಿಗೆ ಕುಳಿತು ಕೇಳುವ "ನೀನು" ಆದಳು. ವ್ಯಾಕರಣದಲ್ಲಿ ಇದು ಪುರುಷಭೇದ ಮಾತ್ರ. ಚರಿತ್ರೆಯಲ್ಲಿ ಎರಡು ಸಾವಿರ ವರ್ಷಗಳ ಅಂತರ. ಅವರು ಕ್ಯಾನ್ಸರ್ ರೋಗದೊಡನೆ ಹೋರಾಡಿ ೧೯೯೧ರಲ್ಲಿ ತೀರಿಕೊಂಡರು. ತಮ್ಮ ರೋಗವನ್ನೂ ಮುಚ್ಚಿಡದೆ ಅದನ್ನು ಕುರಿತು ಬರೆದುದು, ಲಜ್ಜೆಯ ತೆರೆಯನ್ನು ತೆಗೆಯುವ ಅವರ ಕಾರ್ಯದ ಮುಂದುವರಿಕೆಯೇ ಆಗಿದೆ.

೭

ಇಂದಿನ ಸ್ಥಿತಿಗೆ ಬರೋಣ. ಸೆರೀನ್ ಥಾಡಿಯಸ್, ಡೆಬೋರಾ ಮೇಯ್ನ್ ಎಂಬ ಇಬ್ಬರು ವಿದುಷಿಯರು ೧೯೯೪ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತಾಯಂದಿರ ಮರಣಕ್ಕೆ ಮೂರು ವಿಳಂಬಗಳನ್ನು ಕಾರಣವಾಗಿ ಹೇಳಿದರು: ಹೋಗಬೇಕೆಂದು ನಿಶ್ಚಯಿಸುವುದರಲ್ಲಿ ವಿಳಂಬ, ಆಸ್ಪತ್ರೆಯನ್ನು ಮುಟ್ಟುವುದರಲ್ಲಿ ವಿಳಂಬ, ಮುಟ್ಟಿದ ಮೇಲೆ ಚಿಕಿತ್ಸೆ ದೊರೆಯುವುದರಲ್ಲಿ ವಿಳಂಬ. ಈ ವಿಭಾಗವನ್ನು ನಮ್ಮ ಸೀಮೆಗೆ ಅನ್ವಯಿಸಿ ನೋಡಬಹುದು. ಸಾಗರ, ಹೊಸನಗರಗಳ ಕಡೆಯಿಂದ ಬರುವ ರಸ್ತೆಯು ಶಿವಮೊಗ್ಗೆಯನ್ನು ಹೊಗುವೆಡೆಯಲ್ಲಿ ಆಲ್ಕೊಳವಿದೆ. ಹಿಂದೆ ಹಳ್ಳಿಯಾಗಿದ್ದ ಇದು ಈಗ ಪಟ್ಟಣದಲ್ಲಿಯೇ ಸೇರಿಹೋಗಿದೆ. ಅದೇ ರಸ್ತೆಯಲ್ಲಿ ಮುಂದೆ ಮೆಗ್ಗಾನ್ ಆಸ್ಪತ್ರೆ. ಸಾಗರದಿಂದ ಇಲ್ಲಿಗೆ ಸುಮಾರು ೭೦ ಕಿಲೋಮೀಟರು. ಗಾಡಿಯ ಕಾಲದಲ್ಲಿ ಆ ದೂರವೇ ಪ್ರಾಣಾಂತಕವಾಗಿತ್ತು. ೨೦೦೮ರಲ್ಲಿ ೧೦೮ರ ತುರ್ತುವಾಹನವು ರಾಜ್ಯದಲ್ಲಿ ಬಂದ ಮೇಲೆ ಎರಡನೆಯ ವಿಳಂಬವು ಬಹಳ ಕುಗ್ಗಿದೆ. ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬರುತ್ತಾರೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಂತೆ ಕರ್ಣಾಟಕದ ಹೆರಿಗೆಗಳಲ್ಲಿ ನೂರಕ್ಕೆ ೯೭ ಆಸ್ಪತ್ರೆಗಳಲ್ಲಿಯೇ ಆಗುತ್ತಿವೆ. ೨೦೦೧–೦೩ರಲ್ಲಿ ಲಕ್ಷ ಜನನಗಳಿಗೆ ೨೨೮ ಇದ್ದ ತಾಯಂದಿರ ಮರಣವು ೨೦೧೮–೨೦ರಲ್ಲಿ ೬೯ಕ್ಕೆ ಇಳಿಯಿತು.

ಆದರೆ ಅದೇ ಸಮೀಕ್ಷೆಯು ಹದಿನೈದರಿಂದ ನಲವತ್ತೊಂಬತ್ತು ವರ್ಷದ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು ೪೮ ಮಂದಿ ರಕ್ತಹೀನರೆಂದು ಹೇಳುತ್ತದೆ. ಹೆರಿಗೆಗೆ ಆಸ್ಪತ್ರೆಗೆ ಹೋಗುವುದನ್ನು ನಮ್ಮ ಮನೆಗಳು ಕಲಿತವು. ಹೆರಿಗೆಯಲ್ಲದ ರೋಗಗಳಿಗೆ ಹೋಗುವುದನ್ನು ಇನ್ನೂ ಪೂರ್ಣವಾಗಿ ಕಲಿತಿಲ್ಲ. ಮೊದಲನೆಯ ವಿಳಂಬವು, ಎಂದರೆ ಅರಿವಿನ ವಿಳಂಬವು, ಆಲ್ಕೊಳದಲ್ಲಿ ಆಸ್ಪತ್ರೆಗೆ ಹತ್ತಿರವಾಗಿರುವ ಮನೆಯಲ್ಲಿಯೂ ಇರಬಹುದು. ಅದಕ್ಕೆ ವಾಹನವು ಸಹಾಯಮಾಡಲಾರದು.

ಆದುದರಿಂದ ಮೇಲೆ ವಿಚಾರಿಸಿದ ಪ್ರಾಚೀನ ಲಕ್ಷಣಗಳನ್ನೂ ಇಂದಿನ ವೈದ್ಯರ ನಿರ್ಣಯವನ್ನೂ ಕೂಡಿಸಿ ಸಂಗ್ರಹವಾಗಿ ಹೇಳುವೆವು. ಮುಟ್ಟು ಏಳು ದಿನಗಳನ್ನು ಮೀರಿದರೆ, ಗರಣೆಗರಣೆಯಾಗಿ ಹೋದರೆ, ಎರಡು ಮುಟ್ಟುಗಳ ನಡುವೆ ಅಥವಾ ದಂಪತಿಗಳ ಸಂಗಮದ ಅನಂತರ ರಕ್ತವು ಕಂಡರೆ, ನಿಂತು ವರ್ಷವಾದ ಮೇಲೆ ತಿರುಗಿ ಕಂಡರೆ, ವೈದ್ಯರಿಗೆ ತೋರಿಸಬೇಕು. ಬಿಳಿಯ ಸ್ರಾವವು ಸ್ವಲ್ಪ ಇರುವುದು ಸಹಜ. ನಾರಿದರೆ, ಬಣ್ಣ ತಿರುಗಿದರೆ, ನವೆ ಉರಿಗಳು ಕೂಡಿದರೆ ಸಹಜವಲ್ಲ. ಮುಟ್ಟಿನ ನೋವು ದಿನದ ಕೆಲಸವನ್ನೇ ನಿಲ್ಲಿಸುವಷ್ಟಾದರೆ ಅದು ಹೆಣ್ಣುಜನ್ಮದ ಹಣೆಬರಹವಲ್ಲ, ಚಿಕಿತ್ಸೆಯುಳ್ಳ ರೋಗ. ಮುಟ್ಟು ತಪ್ಪಿದವಳಿಗೆ ಕಿಬ್ಬೊಟ್ಟೆಯಲ್ಲಿ, ಅದರಲ್ಲಿಯೂ ಒಂದು ಪಕ್ಕದಲ್ಲಿ, ತೀವ್ರವಾದ ನೋವು ಬಂದು ತಲೆ ಸುತ್ತಿದರೆ, ಗರ್ಭವು ಸ್ಥಾನ ತಪ್ಪಿ ನಿಂತಿರಬಹುದಾದುದರಿಂದ, ಆ ಗಳಿಗೆಯಲ್ಲಿಯೇ ಹೊರಡಬೇಕು. ಬಸುರಿಗೆ ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈಗಳ ಬಾವು, ಸೆಳವು, ಜ್ವರ, ನೀರು ಒಡೆಯುವುದು, ಮಗುವಿನ ಅಲುಗಾಟ ತಗ್ಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯಬಾರದು. ಬಾಣಂತಿಗೆ ಒಂದೂವರೆ ತಿಂಗಳವರೆಗೆ ಜ್ವರ, ನಾರುವ ಸ್ರಾವ, ನಿಲ್ಲದ ರಕ್ತ, ಸೆಳವು, ಮನಸ್ಸು ಕದಡುವುದು ಇವೂ ಹಾಗೆಯೇ. ಎದೆಯಲ್ಲಿ ಗಂಟು, ಚರ್ಮವು ಒಳಕ್ಕೆ ಸೆಳೆಯುವುದು, ತೊಟ್ಟಿನಿಂದ ರಕ್ತ ಬರುವುದು ನೋವಿಲ್ಲದಿದ್ದರೂ ಉಪೇಕ್ಷಣೀಯವಲ್ಲ. ಮೂವತ್ತು ವರ್ಷ ದಾಟಿದವರು ರೋಗವಿಲ್ಲದಿದ್ದರೂ ಗರ್ಭಕೋಶದ ಕೊರಳನ್ನೂ ಎದೆಯನ್ನೂ ಐದು ವರ್ಷಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳುವ ಏರ್ಪಾಡು ಸರ್ಕಾರದ ಆರೋಗ್ಯಕ್ರಮದಲ್ಲಿಯೇ ಇದೆ. ಲಕ್ಷಣವು ಕಾಣುವುದಕ್ಕೆ ಮುಂಚೆಯೇ ರೋಗವನ್ನು ಕಾಣುವ ಈ ಉಪಾಯವು ಪ್ರಾಚೀನರಿಗೆ ಇರಲಿಲ್ಲ.

ಮೇಲಿನ ವಿಚಾರದಿಂದ ಸಿದ್ಧಪಡುವುದೇನೆಂದರೆ: ಲಕ್ಷಣಗಳನ್ನು ಎಣಿಸಿದ ಕೀರ್ತಿಯು ಶಾಸ್ತ್ರಕ್ಕೆ ಸಲ್ಲುತ್ತದೆ, ರೋಗಿಯ ಮಾತನ್ನು ಕೇಳಿದ ಕೀರ್ತಿಯು ಸೂಲಗಿತ್ತಿಗೆ ಸಲ್ಲುತ್ತದೆ, ಚಿಕಿತ್ಸೆಯನ್ನು ಸಮೀಪಕ್ಕೆ ತಂದ ಕೀರ್ತಿಯು ಆಸ್ಪತ್ರೆಗಳಿಗೆ ಸಲ್ಲುತ್ತದೆ. ಇವು ಮೂರೂ ಬಹುಕಾಲ ಒಂದನ್ನೊಂದು ಅರಿಯದೆ ಬೇರೆ ಬೇರೆಯಾಗಿದ್ದುವು. ಅವು ಕೂಡುವ ಸ್ಥಳವು ರೋಗಿಯ ಅರಿವೇ ಆಗಿದೆ. ಆಯುರ್ವೇದವು ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂಬ ನಾಲ್ಕು ಪಾದಗಳನ್ನು ಹೇಳಿ, ರೋಗಿಗೆ ಇರಬೇಕಾದ ಗುಣಗಳಲ್ಲಿ ತನ್ನ ರೋಗವನ್ನು ತಾನೇ ತಿಳಿಸಬಲ್ಲ ಶಕ್ತಿಯನ್ನೂ ಎಣಿಸಿದೆ. ಆ ನಾಲ್ಕನೆಯ ಪಾದವನ್ನು ಬಲಪಡಿಸುವುದಕ್ಕೆ ಮನೆಯ ಹೆಣ್ಣುಮಕ್ಕಳಿಗೆ ಈ ಲಕ್ಷಣಗಳನ್ನು ಸಂಕೋಚವಿಲ್ಲದೆ ಹೇಳಿಕೊಡತಕ್ಕುದು. ಅವರು ಹೇಳಿದಾಗ ಮನೆಯ ಗಂಡಸರು ತಡಮಾಡದೆ ಕೇಳತಕ್ಕುದು.